ಕಂಪ್ಯೂಟರಿನ ಶನಿವಾರದ ಸ್ನಾನ

ಒರ್ವೊಕ್ಕಿಯ ಕಂಪ್ಯೂಟರು ಶುರುವಾಗುವಷ್ಟರಲ್ಲಿ ಉಣ್ಣೆಯ ಕೈಗವಸಿನ ಒಂದು ಹೆಬ್ಬೆರಳು ಹೆಣೆದು ಮುಗಿಯುತ್ತಿತ್ತು.

ಇದು ಬಣ್ಣ ಹಚ್ಚಿ ಹೇಳಿದ ಮಾತಲ್ಲ. ಬೆಳಿಗ್ಗೆ ಎದ್ದು ಅವಳು ಗುಂಡಿ ಒತ್ತುವಳು, ಕಾಫಿಗೆ ನೀರಿಡುವಳು, ಹೆಣಿಗೆ ಕಡ್ಡಿ ಕೈಗೆತ್ತಿಕೊಳ್ಳುವಳು. ಮೇಜಿನ ಕೆಳಗಿನ ಕರಿಯ ಡಬ್ಬ, ಮಂಡಿ ನೋವಿನ ಮುದುಕ ಮೆಟ್ಟಿಲು ಹತ್ತುವಾಗ ಮಾಡುವ ಸದ್ದನ್ನೆಲ್ಲ ಮಾಡಿ, ನಡುನಡುವೆ ನಿಂತು ಉಸಿರು ಸುಧಾರಿಸಿಕೊಂಡು, ಕೊನೆಗೂ ಪರದೆಯ ಮೇಲೆ ಚಿತ್ರ ಮೂಡಿಸುವ ಹೊತ್ತಿಗೆ ಇತ್ತ ಹೆಬ್ಬೆರಳು ತಯಾರು. ಒರ್ವೊಕ್ಕಿಗೆ ಇದರಿಂದ ಬೇಸರವೇನೂ ಇದ್ದಂತಿರಲಿಲ್ಲ.

ಬೇಸರವಾಗುತ್ತಿದ್ದುದು ಅವಳ ಗಂಡ ಕೌಕೊನಿಗೆ. ಅವನು ಕೊಟ್ಕಾ ಊರಿನ ಸಿಟಿ ಬಸ್ಸಿನ ಡ್ರೈವರು. ನಿಲ್ದಾಣಕ್ಕೆ ಹೊತ್ತಿಗೆ ಸರಿಯಾಗಿ ಬಾರದ ಯಾವುದನ್ನೂ ಅವನ ಮೈ ಒಪ್ಪುತ್ತಿರಲಿಲ್ಲ. ಆ ಡಬ್ಬ ಏದುಸಿರು ಬಿಡುವಾಗಲೆಲ್ಲ ಅವನ ಬಲಗಾಲು ತಾನಾಗಿ ಇಲ್ಲದ ಆಕ್ಸಿಲರೇಟರನ್ನು ತುಳಿಯುತ್ತಿತ್ತು. ಭಾನುವಾರ ಒರ್ವೊಕ್ಕಿಯ ಹೆಸರಿನ ದಿನ. ಕ್ಯಾಲೆಂಡರಿನಲ್ಲಿ ಆ ದಿನದ ಕೆಳಗೆ ಅವಳ ಹೆಸರು ಅಚ್ಚಾಗಿತ್ತು. ಉಡುಗೊರೆ ಕೊಡದಿದ್ದರೆ ನಡೆಯುವುದಿಲ್ಲ. ಹೋದ ವರ್ಷ ಹೂವು, ಅದರ ಹಿಂದಿನ ವರ್ಷವೂ ಹೂವು. ಈ ಸಲ ಅವನು ಯಾರಿಗೂ ಹೇಳದೆ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕೊಂದನ್ನು ಕೊಂಡು ತಂದಿದ್ದ. ಚಾಕಲೇಟು ಪಟ್ಟಿಯಷ್ಟೇ ದಪ್ಪ. ಹಳೆಯ ಡಿಸ್ಕಿನಲ್ಲಿ ತಿರುಗುವಂತೆ ಇದರೊಳಗೆ ಏನೂ ತಿರುಗುವುದಿಲ್ಲ, ಆದರೂ ಎಷ್ಟೋ ಪಟ್ಟು ಬೇಗ ಓಡುತ್ತದೆ, ಮುದಿ ಕಂಪ್ಯೂಟರಿಗೂ ಹರೆಯ ಬರುತ್ತದೆ ಎಂದು ಅಂಗಡಿಯವನು ಹೇಳಿದ್ದ. ಅದನ್ನು ಬಾಲ್ಕನಿಯ ಕಪಾಟಿನಲ್ಲಿ, ಒಂದು ಹಿಮಜಾರು ಬೂಟಿನೊಳಗೆ ಅಡಗಿಸಿಟ್ಟಿದ್ದ.

ಕಷ್ಟವೆಂದರೆ ಆ ಕಂಪ್ಯೂಟರಿನ ಹೊಟ್ಟೆಯಲ್ಲಿ ಒರ್ವೊಕ್ಕಿಯ ನಾಲ್ಕು ಚಳಿಗಾಲಗಳಿದ್ದವು. ಕ್ಯುಮಿ ನದಿಯ ಬದಿಯ ಹಳ್ಳಿಗಳನ್ನು ಸುತ್ತಿ, ಅಜ್ಜಿಯರ ಪೆಟ್ಟಿಗೆಗಳಲ್ಲಿ ಹುಳ ಹಿಡಿಯುತ್ತಿದ್ದ ಕೈಗವಸುಗಳನ್ನು ಬೇಡಿ ತಂದು, ಅವುಗಳ ನಕ್ಷತ್ರ, ಗುಲಾಬಿ, ಬೆಕ್ಕಿನ ಹೆಜ್ಜೆಗಳ ಹೆಣಿಗೆಯನ್ನು ಒಂದೊಂದೇ ಚೌಕ ತುಂಬುತ್ತ ಅದರಲ್ಲಿ ಬಿಡಿಸಿಟ್ಟಿದ್ದಳು. ಆ ಅಜ್ಜಿಯರಲ್ಲಿ ಅರ್ಧ ಜನ ಈಗಿಲ್ಲ. ಊರಿನ ಮ್ಯೂಸಿಯಮ್ಮಿನವರು ಅದನ್ನು ಪುಸ್ತಕ ಮಾಡುತ್ತೇವೆಂದಿದ್ದರು. ಸೋಮವಾರ ಒಪ್ಪಿಸಬೇಕು.

ಶನಿವಾರ ಬೆಳಿಗ್ಗೆ ಒರ್ವೊಕ್ಕಿ ಹಮಿನಾದಲ್ಲಿರುವ ಅಕ್ಕನ ಮನೆಗೆ ಹೊರಟಳು. ಅರ್ಧ ಹೆಣೆದ ಕೈಗವಸನ್ನು ಚೀಲದೊಳಗೆ ತುರುಕುತ್ತ ಬಾಗಿಲಲ್ಲಿ ನಿಂತಳು.

"ಕಂಪ್ಯೂಟರ್ ಮುಟ್ಬೇಡ ಕೌಕೊ."

"ನಾನ್ಯಾಕೆ ಮುಟ್ಲಿ?"

"ಯಾಕೆ ಅಂತ ನಂಗೇನು ಗೊತ್ತು. ಮುಟ್ಬೇಡ ಅಷ್ಟೆ."

ಅವಳಿಗೆ ಕಾರಣವಿತ್ತು. ಕೌಕೊ ರಿಪೇರಿ ಮಾಡಿದ ಮೇಲೆ ಮನೆಯ ವ್ಯಾಕ್ಯೂಮ್ ಕ್ಲೀನರು ಧೂಳು ಎಳೆದುಕೊಳ್ಳುವುದರ ಜೊತೆಗೆ ಆಗಾಗ ಎಳೆದುಕೊಂಡದ್ದನ್ನು ವಾಪಸು ಊದುವುದನ್ನೂ ಕಲಿತಿತ್ತು.

ಕೌಕೊ ಕಿಟಕಿಯ ಪರದೆ ಸರಿಸಿ ನೋಡಿದ. ಅಂಗಳದಲ್ಲಿ ಜಮಖಾನ ಬಡಿಯುವ ಕಂಬಿಯ ಹತ್ತಿರ ಎದುರು ಮನೆಯ ಹಿಲ್ಕಾ ತನ್ನ ಚಿಂದಿ ಜಮಖಾನಗಳನ್ನು ರಾಶಿ ಹಾಕಿಕೊಂಡು, ಬಕೆಟ್ಟಿನಲ್ಲಿ ಪೈನ್ ಸೋಪು ಕಲಸುತ್ತಿದ್ದಳು. ಒರ್ವೊಕ್ಕಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ತಲೆಯೆತ್ತಿ ಇದೇ ಕಿಟಕಿಯತ್ತ ನೋಡಿದರು. ಕೌಕೊ ಪರದೆಯ ಹಿಂದೆ ಸರಿದ. ಜಮಖಾನದ ವಿಷಯವಿರಬೇಕು ಎಂದುಕೊಂಡ.

ಒರ್ವೊಕ್ಕಿಯ ಬಸ್ಸು ತಿರುವು ದಾಟಿದ್ದೇ ತಡ, ಬೂಟಿನೊಳಗಿದ್ದ ಉಡುಗೊರೆಯೂ ಡಬ್ಬವೂ ಅಡುಗೆಮನೆಯ ಮೇಜಿನ ಮೇಲೆ ಬಂದವು. ಫೋನಿನಲ್ಲಿ ನೋಡಿದ ವಿಡಿಯೋದಲ್ಲಿ ಒಬ್ಬ ಗಡ್ಡದವನು ಸಿಳ್ಳೆ ಹಾಕುತ್ತಲೇ ಇಡೀ ಕೆಲಸ ಮುಗಿಸಿದ್ದ. ಕೌಕೊ ಕೂಡ ಸಿಳ್ಳೆ ಹಾಕುತ್ತ ಸ್ಕ್ರೂ ಬಿಚ್ಚಿ ಪಕ್ಕದ ತಗಡನ್ನು ಎಳೆದ. ಸಿಳ್ಳೆ ಅಲ್ಲಿಗೇ ನಿಂತಿತು. ಒಳಗೆ ಕಂಪ್ಯೂಟರು ಕಾಣಲಿಲ್ಲ. ಬೂದು ಬಣ್ಣದ ಬೆಕ್ಕೊಂದು ಮುದುಡಿ ಮಲಗಿದಂತೆ ವರ್ಷಗಟ್ಟಲೆಯ ಧೂಳು ಮಲಗಿತ್ತು.

ಅವನು ಊದಿದ. ಊದಬಾರದಿತ್ತು. ಬೆಕ್ಕು ಎದ್ದು ಅಡುಗೆಮನೆಯನ್ನೆಲ್ಲ ಒಂದು ಸುತ್ತು ಹಾಕಿ ಬೆಣ್ಣೆಯ ಮೇಲೆ, ರೈ ಬ್ರೆಡ್ಡಿನ ಮೇಲೆ, ಕೌಕೊನ ಹುಬ್ಬಿನ ಮೇಲೆ ಕೂತಿತು. ವ್ಯಾಕ್ಯೂಮ್ ಕ್ಲೀನರಿನ ನೆನಪಾಯಿತು; ಅದರ ಗುಣದ ನೆನಪೂ ಆಯಿತು. ಕಟ್ಟಡದ ನಿಯಮದ ಪ್ರಕಾರ ಧೂಳು ಕೊಡವುವ ಕೆಲಸವೇನಿದ್ದರೂ ಅಂಗಳದಲ್ಲಿ, ಶನಿವಾರ ಮಧ್ಯಾಹ್ನದೊಳಗೆ. ಕೌಕೊ ನಿಯಮದ ಮನುಷ್ಯ. ಡಬ್ಬವನ್ನು ಮಗುವಿನಂತೆ ಎದೆಗವಚಿ ಕೆಳಗೆ ಒಯ್ದು, ಕಂಬಿಯ ಪಕ್ಕದ ಬೆಂಚಿನ ಮೇಲಿಟ್ಟ. ಹಿಲ್ಕಾ ಕಂಬಿಯ ಆಚೆ ಜಮಖಾನ ಉಜ್ಜುತ್ತಿದ್ದಳು. ಇಬ್ಬರೂ ತಲೆ ಆಡಿಸಿದರು. ಆಗ ನೋಡಿದರೆ ಮೆತ್ತನೆಯ ಬ್ರಷ್ಷು ಮೇಲೆಯೇ ಉಳಿದಿತ್ತು.

ಬ್ರಷ್ಷು ತೆಗೆದುಕೊಂಡು ಕೆಳಗಿಳಿದು ಬರಲು ಎಷ್ಟು ಹೊತ್ತು ಬೇಕು? ಬೇರೆ ಊರಿನಲ್ಲಾದರೆ ಎರಡು ನಿಮಿಷ ಸಾಕಿತ್ತು. ಆದರೆ ಕೌಕೊ ಬಾಗಿಲು ತೆಗೆಯಬೇಕೆನ್ನುವಷ್ಟರಲ್ಲಿ ಮೆಟ್ಟಿಲ ಮೇಲೆ ಯಾರೋ ಇಳಿಯುವ ಸದ್ದಾಯಿತು. ಈ ಕಟ್ಟಡದಲ್ಲಿ, ಈ ಊರಿನಲ್ಲಿ, ಮರ್ಯಾದಸ್ಥನಾದ ಯಾವನೂ ಮೆಟ್ಟಿಲ ಮೇಲೆ ಇನ್ನೊಬ್ಬನಿಗೆ ಎದುರಾಗುವುದಿಲ್ಲ. ಎದುರಾದರೆ ಹವೆಯ ಬಗ್ಗೆ ಏನಾದರೂ ಹೇಳಬೇಕಾಗುತ್ತದೆ. ಹಾಗಾಗಿ ಕೌಕೊ ಬಾಗಿಲ ಕಿಂಡಿಗೆ ಕಣ್ಣಿಟ್ಟು, ಉಸಿರು ಬಿಗಿಹಿಡಿದು ನಿಂತ. ಇಳಿಯುತ್ತಿದ್ದವನು ಮೇಲಿನ ಮನೆಯ ರೌನೊ, ಹಡಗುಗಳಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತನಾದವನು. ರೌನೊ ಸರಿಯಾಗಿ ಕೌಕೊನ ಬಾಗಿಲ ಮುಂದೆಯೇ ನಿಂತು ಬೂಟಿನ ದಾರ ಬಿಗಿದುಕೊಂಡ. ಆಮೇಲೆ ಇನ್ನೊಂದು ಬೂಟಿನದು. ಆಮೇಲೆ ಜೇಬು ತಡವಿ, ಏನೋ ಮರೆತವನಂತೆ ಮೇಲೆ ಹೋದ. ಮತ್ತೆ ಇಳಿದ. ಕೌಕೊ ಬ್ರಷ್ಷು ಹಿಡಿದು, ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನಂತೆ, ಒಳಗೇ ಗುರುಗುಟ್ಟುತ್ತ ಕಾದ.

ಅಂತೂ ದಾರಿ ತೆರವಾಗಿ ಅಂಗಳಕ್ಕೆ ಬಂದಾಗ ಹಿಲ್ಕಾ ರಬ್ಬರು ಕೊಳವೆಯನ್ನು ಡಬ್ಬದೊಳಗೆ ತೂರಿಸಿ ನೀರು ಬಿಡುತ್ತಿದ್ದಳು. ಕೆಳಗಿನ ತೂತುಗಳಿಂದ ನೊರೆ ನೊರೆಯಾಗಿ ಬೂದು ನೀರು ಸುರಿಯುತ್ತಿತ್ತು.

ಕೌಕೊನ ಕೈಯಿಂದ ಬ್ರಷ್ಷು ಜಾರಿತು.

"ಹೊಟ್ಟೇಲಿ ಇಷ್ಟು ಧೂಳು ಇಟ್ಕೊಂಡು ಯಾರು ತಾನೆ ಓಡ್ತಾರೆ," ಅಂದಳು ಹಿಲ್ಕಾ, ಕೊಳವೆ ಬಿಡದೆ. "ಇಂಥಾದ್ದನ್ನ ಮನೆಯೊಳಗೆ ಹೇಗೆ ಸೇರಿಸ್ಕೊಳ್ಳೋದು?"

"ಹಿಲ್ಕಾ, ಅದು ಕಂಪ್ಯೂಟರ್."

"ಗೊತ್ತು. ಅದಕ್ಕೇ ಉಜ್ಜೋಕೆ ಹೋಗ್ಲಿಲ್ಲ. ಬರೀ ಸೋಪಿನ ನೀರು."

ಕೌಕೊ ಬೆಂಚಿನ ಮೇಲೆ ಕುಸಿದ. ನಾಲ್ಕು ಚಳಿಗಾಲಗಳು, ಸತ್ತ ಅಜ್ಜಿಯರು, ಸೋಮವಾರ, ಒರ್ವೊಕ್ಕಿಯ ಮುಖ, ಎಲ್ಲವೂ ಆ ನೊರೆಯಲ್ಲಿ ಚರಂಡಿಯತ್ತ ಹರಿದು ಹೋಗುತ್ತಿದ್ದಂತೆ ಕಂಡಿತು. ಒಳಗೆ ಏನಿದೆಯೆಂದು ತೊದಲುತ್ತ ಹೇಳಿದ. ಹಿಲ್ಕಾ ಕೊಳವೆ ಕೆಳಗಿಟ್ಟಳು. ಬಿಸಿಲಿಗೆ ಕೆಂಪಾಗಿದ್ದ ಅವಳ ಮುಖ ಮೆಲ್ಲಗೆ ಬಿಳಿಚಿಕೊಂಡಿತು. ಇದು ಕೆಟ್ಟು ಹೋದರೆ ನಷ್ಟ ತನಗೇ ಎಂದು ಗೊಣಗಿದಳು. ಕೌಕೊನಿಗೆ ಆ ಸಂಕಟದಲ್ಲೂ ಅವಳ ಒಳ್ಳೆಯತನ ಮನಸ್ಸಿಗೆ ತಟ್ಟಿತು. ಮೂವತ್ತು ವರ್ಷ ಎದುರು ಮನೆಯಲ್ಲಿದ್ದೂ ಇವಳ ಅಂತಃಕರಣ ತನಗೆ ತಿಳಿದಿರಲಿಲ್ಲವಲ್ಲ ಎಂದುಕೊಂಡ.

ಅಷ್ಟರಲ್ಲಿ ರೌನೊ ಬಂದ. ತೊಟ್ಟಿಕ್ಕುತ್ತಿದ್ದ ಡಬ್ಬವನ್ನು ಸುತ್ತು ಹಾಕಿ ನೋಡಿದ, ಬಗ್ಗಿ ಮೂಸಿದ.

"ಕರೆಂಟು ಕೊಟ್ಟಿದ್ರಾ?"

ಇಲ್ಲವೆಂದರು.

"ಹಾಗಾದ್ರೆ ಸತ್ತಿಲ್ಲ."

ಹಡಗಿನ ಮೋಟರುಗಳು ಸಮುದ್ರದಲ್ಲಿ ಮುಳುಗಿ ಎದ್ದ ಕತೆಗಳು ರೌನೊನ ಹತ್ತಿರ ಬೇಕಾದಷ್ಟಿದ್ದವು. ಸಿಹಿನೀರಿನಲ್ಲಿ ತೊಳೆದು, ಬೆಚ್ಚಗಿನ ಜಾಗದಲ್ಲಿಟ್ಟು, ಒಂದು ಹನಿಯೂ ಉಳಿಯದಂತೆ ಒಣಗಿಸಿದರೆ ಎದ್ದು ಕೂರುತ್ತವೆ. ತೊಳೆಯುವುದಂತೂ ಆಗಿದೆ, ಅದೂ ಅಚ್ಚುಕಟ್ಟಾಗಿ, ಎಂದು ಅವನು ಹಿಲ್ಕಾಳ ಕಡೆ ಮೆಚ್ಚುಗೆಯಿಂದ ನೋಡಿದ. ಇನ್ನು ಬೆಚ್ಚಗಿನ ಜಾಗ. ಅದು ಎಲ್ಲಿದೆಯೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಮೂವರೂ ಒಟ್ಟಿಗೆ ನೆಲಮಾಳಿಗೆಯ ಬಾಗಿಲಿನತ್ತ ತಿರುಗಿದರು.

ಕಟ್ಟಡದ ಸೌನಾ, ಕಾದ ಕಲ್ಲಿಗೆ ನೀರು ಚೆಲ್ಲಿ ಹಬೆ ಎಬ್ಬಿಸುವ ಸ್ನಾನದ ಕೋಣೆ, ಅಲ್ಲಿತ್ತು. ಶನಿವಾರ ಒಂದೊಂದು ಮನೆಗೆ ಒಂದೊಂದು ಪಾಳಿ. ಮೊದಲ ಪಾಳಿಯೇ ಕೌಕೊನದು. ರೌನೊ ಒಲೆಯನ್ನು ಸಣ್ಣಗೆ ಹೊತ್ತಿಸಿ, ಕಲ್ಲುಗಳು ಹದವಾಗಿ ಕಾಯುವಂತೆ ಮಾಡಿದ. ಹಿಲ್ಕಾ ಮೇಲಿನ ಹಲಗೆಯ ಮೇಲೆ ಒಗೆದ ಬಿಳಿ ಬಟ್ಟೆಯೊಂದನ್ನು ಹಾಸಿದಳು. ಬಟ್ಟೆ ಹಾಸದೆ ಆ ಹಲಗೆಯ ಮೇಲೆ ಯಾರೂ ಕೂರುವಂತಿಲ್ಲ, ಕಂಪ್ಯೂಟರಾದರೇನು. ಡಬ್ಬವನ್ನು ಅದರ ಮೇಲೆ ಕೂರಿಸಿ, ನೀರು ಬಸಿಯಲೆಂದು ತುಸು ಓರೆ ಮಾಡಿ, "ಏನಾದ್ರೂ ಮಾಡಿ ಬದುಕ್ಸಿ," ಎಂದು ಹೇಳಿ ಅವಳು ತನ್ನ ಜಮಖಾನಗಳಿಗೆ ಮರಳಿದಳು.

ಕೌಕೊ ಮತ್ತು ರೌನೊ ಕಾವಲಿಗೆ ಉಳಿದರು. ಮೊದಲು ಪ್ಯಾಂಟು ಅಂಗಿ ಹಾಕಿಕೊಂಡೇ ಒಳಗೆ ಕೂತರು. ಆದರೆ ಸೌನಾದೊಳಗೆ ಬಟ್ಟೆ ತೊಟ್ಟು ಕೂರುವುದು ಇಬ್ಬರಿಗೂ ಸರಿಕಾಣಲಿಲ್ಲ. ಬೀದಿಯಲ್ಲಿ ಬಟ್ಟೆಯಿಲ್ಲದೆ ನಿಂತಷ್ಟೇ ನಾಚಿಕೆಯಾಯಿತು. ಇಬ್ಬರೂ ಎದ್ದು ಹೋಗಿ ಬಟ್ಟೆ ಕಳಚಿ ಬಂದರು. ಈ ಕಡೆ ಕೌಕೊ, ಆ ಕಡೆ ರೌನೊ, ನಡುವೆ ಕಂಪ್ಯೂಟರು. ಮೂವರ ಮೈಯಿಂದಲೂ ನೀರು ಇಳಿಯುತ್ತಿತ್ತು.

ಇವತ್ತು ಕಲ್ಲಿಗೆ ನೀರು ಹಾಕುವ ಹಾಗಿಲ್ಲ ಎಂದು ರೌನೊ ಮೊದಲೇ ಹೇಳಿದ್ದ. ಒಣ ಶಾಖ ಮಾತ್ರ. ಕೌಕೊ ಹೌದೆಂದಿದ್ದ. ಮರದ ಬಕೆಟ್ಟೂ ಸೌಟೂ ಮಾತ್ರ ಇದ್ದ ಜಾಗದಲ್ಲೇ, ಕೌಕೊನ ಬಲಗೈ ಪಕ್ಕದಲ್ಲೇ ಇದ್ದವು. ಅವನ್ನು ಹೊರಗಿಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಗೋಡೆಯನ್ನು ಹೊರಗಿಡಲು ಯಾರಿಗೆ ತಾನೆ ಹೊಳೆಯುತ್ತದೆ?

ಹೊತ್ತು ಹೋಯಿತು. ಡಬ್ಬದಿಂದ ತೊಟ್ಟಿಕ್ಕುವುದು ನಿಂತಿತು. ರೌನೊ ಒಳಗೆ ಬೆರಳಾಡಿಸಿ ನೋಡಿ, ಒಣಗುತ್ತಾ ಬಂತು, ಇನ್ನು ಸ್ವಲ್ಪ ಹೊತ್ತು ಎಂದ. ಮುಂಜಾನೆಯಿಂದ ಮೊದಲ ಸಲ ಕೌಕೊನ ಭುಜಗಳು ಕೆಳಗಿಳಿದವು. ಮೈಗೆ ಹಿತವಾದ ಬಿಸಿ. ಪೈನ್ ಸೋಪಿನ ಘಮ. ಪಕ್ಕದಲ್ಲಿ ಮಾತಾಡದ ಸ್ನೇಹಿತ. ಎಲ್ಲವೂ ಸರಿಹೋಗುತ್ತದೆ ಅನಿಸಿತು. ಕಣ್ಣು ಮುಚ್ಚಿದ. ಹುಟ್ಟಿದಾಗಿನಿಂದ ಪ್ರತಿ ಶನಿವಾರ, ಮೈ ಹೀಗೆ ಹಗುರಾದ ಗಳಿಗೆಯಲ್ಲಿ ಅವನ ಕೈ ಒಂದು ಕೆಲಸ ಮಾಡುತ್ತಿತ್ತು. ಇವತ್ತೂ ಮಾಡಿತು. ಸೌಟು ತುಂಬ ನೀರೆತ್ತಿ, ಧಾರಾಳವಾಗಿ ಕಲ್ಲಿನ ಮೇಲೆ ಚೆಲ್ಲಿತು.

ಕಲ್ಲುಗಳು ಚುಂಯ್ ಎಂದವು. ಬಿಳಿಯ ಹಬೆ ಛಾವಣಿಗೆ ಏರಿ, ಅಲ್ಲಿಂದ ಮಡಿಚಿಕೊಂಡು, ನೇರವಾಗಿ ಮೇಲಿನ ಹಲಗೆಯ ಮೇಲಿಳಿಯಿತು.

ಹಬೆಯೊಳಗಿಂದ ರೌನೊನ ದನಿ ಬಂತು.

"ಕೌಕೊ."

"ಹ್ಞಾಂ."

"ನೀರು ಹಾಕ್ದೆ."

"ನಾನಲ್ಲ ಮಾರಾಯ. ಕೈ."

ಮುಂದಿನದು ಬಲು ಬೇಗ ನಡೆಯಿತು. ಇಬ್ಬರೂ ಸೊಂಟಕ್ಕೆ ಟವೆಲು ಸುತ್ತಿಕೊಂಡು, ಕಂಪ್ಯೂಟರಿಗೂ ಒಂದು ಟವೆಲು ಸುತ್ತಿ, ಹೆರಿಗೆ ಆಸ್ಪತ್ರೆಗೆ ಓಡುವವರಂತೆ ನೆಲಮಾಳಿಗೆಯ ಓಣಿಗೆ ನುಗ್ಗಿದರು. ಅಲ್ಲಿ ಎರಡನೇ ಪಾಳಿಯವರು ಬಟ್ಟೆ ಸೋಪು ಹಿಡಿದು ಕಾದಿದ್ದರು, ಮೂರನೇ ಮಹಡಿಯ ಗಂಡ ಹೆಂಡತಿ. ಟವೆಲು ಸುತ್ತಿದ ಇಬ್ಬರು ಗಂಡಸರನ್ನೂ, ಟವೆಲು ಸುತ್ತಿದ, ಹಬೆಯಾಡುವ ಕಂಪ್ಯೂಟರನ್ನೂ ಅವರು ನೋಡಿದರು. ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ಏನೂ ಕೇಳದಿದ್ದರೆ ಚೆನ್ನಾಗಿರುವುದಿಲ್ಲವೆಂದು ಗಂಡನಿಗೆ ಅನಿಸಿರಬೇಕು.

"ಹಬೆ ಹೇಗಿತ್ತು?"

"ಚೆನ್ನಾಗಿತ್ತು," ಅಂದ ಕೌಕೊ.

ಮಧ್ಯಾಹ್ನವೆಲ್ಲ ಡಬ್ಬ ಬಾಲ್ಕನಿಯ ಬಿಸಿಲಿನಲ್ಲಿ ಕಾಯಿತು. ಹಿಲ್ಕಾ ತನ್ನ ಮನೆಯಿಂದ ತಲೆಗೂದಲು ಒಣಗಿಸುವ ಯಂತ್ರ ತಂದಳು. ಅವಳು ಅದನ್ನು ಹಿಡಿದು ನಿಂತ ಬಗೆ ನೋಡಿದರೆ ಸ್ವಂತ ಮಗಳ ತಲೆ ಒಣಗಿಸುತ್ತಿರುವಂತಿತ್ತು. ಅವಳ ಜಮಖಾನಗಳು ಕೆಳಗೆ ಒದ್ದೆಯಾಗಿಯೇ ಬಿದ್ದಿದ್ದವು. ಜೊತೆಗೆ ಅನ್ನ ತುಂಬಿ ಬೇಯಿಸಿದ ಕರೇಲಿಯಾ ಪೈಗಳನ್ನೂ ಅವಕ್ಕೆ ಸವರುವ ಮೊಟ್ಟೆ ಬೆಣ್ಣೆಯನ್ನೂ ತಂದಿದ್ದಳು. ರೌನೊ ಒಬ್ಬ ತಿಂದ.

ಕೊನೆಗೆ ಡಬ್ಬವನ್ನು ಒಳಗೆ ತಂದು, ರೌನೊ ಹಳೆಯ ಡಿಸ್ಕನ್ನು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ, ಮತ್ತೆ ಕೂರಿಸಿ, ಇನ್ನು ನೋಡೋಣ ಎಂದ. ಕೌಕೊ ಗುಂಡಿಯ ಮೇಲೆ ಬೆರಳಿಟ್ಟ. ಒತ್ತುವ ಧೈರ್ಯ ಬರಲಿಲ್ಲ. ಬೆರಳು ತೆಗೆದ. ಹಿಲ್ಕಾ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಒತ್ತಿದಳು.

ಮೊದಲು ಏನೂ ಇಲ್ಲ. ಆಮೇಲೆ ಫ್ಯಾನು ತಿರುಗಿತು. ಕೋಣೆಯ ತುಂಬ ಪೈನ್ ಸೋಪಿನ ವಾಸನೆ ಊದಿತು. ಡಬ್ಬದೊಳಗಿನ ಮುದುಕ ಕೆಮ್ಮಿದ, ನರಳಿದ, ಮೊದಲ ಮೆಟ್ಟಿಲು ಹತ್ತಿದ. ಆ ಸದ್ದನ್ನು ಇಷ್ಟು ವರ್ಷ ಬೈದುಕೊಂಡಿದ್ದ ಕೌಕೊನಿಗೆ ಅದು ಇವತ್ತು ಚರ್ಚಿನ ಸಂಗೀತದಂತೆ ಕೇಳಿಸಿತು. ಹೆಬ್ಬೆರಳೊಂದನ್ನು ಹೆಣೆಯುವಷ್ಟು ಹೊತ್ತು ಮೂವರೂ ಪರದೆಯನ್ನೇ ನೋಡುತ್ತ ನಿಂತರು. ಚಿತ್ರ ಮೂಡಿತು. ಕೌಕೊ ಒರ್ವೊಕ್ಕಿಯ ಕಡತ ತೆರೆದ. ನಕ್ಷತ್ರವಿತ್ತು. ಗುಲಾಬಿಯಿತ್ತು. ಬೆಕ್ಕಿನ ಹೆಜ್ಜೆಗಳು ಒಂದೂ ಅಳಿಸದೆ ಸಾಲಾಗಿ ನಡೆದಿದ್ದವು.

ಕೌಕೊ ಕುರ್ಚಿಯ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮುಂಜಾನೆಯಿಂದ ಎದೆಯ ಮೇಲೆ ಕೂತಿದ್ದ ಬಂಡೆಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ರೌನೊ ಅವನ ಬೆನ್ನು ತಟ್ಟಲು ಕೈಯೆತ್ತಿ, ಅಷ್ಟು ಸಲಿಗೆ ಬೇಡವೆನಿಸಿ, ಕುರ್ಚಿಯ ಬೆನ್ನನ್ನು ತಟ್ಟಿದ.

ಬುದ್ಧಿಯಿದ್ದವನು ಅಲ್ಲಿಗೆ ಮುಗಿಸಿ, ತಗಡು ಮುಚ್ಚಿ, ಮೇಜಿನ ಕೆಳಗೆ ತಳ್ಳುತ್ತಿದ್ದ. ಕೌಕೊನೂ ಹಾಗೇ ಮಾಡುತ್ತಿದ್ದ. ಆದರೆ ಹಿಲ್ಕಾಳ ಕಣ್ಣು ಮೇಜಿನ ಮೇಲಿದ್ದ ಎಸ್‌ಎಸ್‌ಡಿಯ ಪೆಟ್ಟಿಗೆಯ ಮೇಲೆ ಬಿತ್ತು. ಅದೇನೆಂದು ಕೇಳಿದಳು. ಕೌಕೊ ಹೇಳಿದ, ಹೆಸರಿನ ದಿನದ ಉಡುಗೊರೆ, ಬೇಗ ಓಡಲೆಂದು, ಈಗ ಬೇಡ ಬಿಡು.

"ಬೇಡ ಅಂದ್ರೆ?" ಅಂದಳು ಹಿಲ್ಕಾ. "ಇಷ್ಟು ದೂರ ಬಂದು ಬಿಡ್ತೀಯಾ? ಹಾಕು. ಬೇಗ ಓಡೋದಾದ್ರೆ ಬೇಗನೇ ಓಡ್ಲಿ."

ನೆರೆಮನೆಯವಳಿಗೆ ತನ್ನ ಹೆಂಡತಿಯ ಉಡುಗೊರೆಯ ಬಗ್ಗೆ ಇಷ್ಟು ಮುತುವರ್ಜಿಯೇ ಎಂದು ಕೌಕೊನ ಕಣ್ಣು ತೇವವಾಯಿತು.

ಹೊಸದನ್ನು ಹಳೆಯದರ ಪಕ್ಕದಲ್ಲಿ ಸಿಕ್ಕಿಸಿ, ಒಂದರಲ್ಲಿರುವುದನ್ನೆಲ್ಲ ಇನ್ನೊಂದಕ್ಕೆ ನಕಲು ಮಾಡಬೇಕಿತ್ತು. ಎಲ್ಲಿಂದ, ಎಲ್ಲಿಗೆ ಎಂದು ಪರದೆ ಕೇಳಿತು. ಇಲ್ಲಿ ತಪ್ಪಿದರೆ ಖಾಲಿ ಡಿಸ್ಕಿನ ಖಾಲಿತನವೇ ತುಂಬಿದ ಡಿಸ್ಕಿನ ಮೇಲೆ ನಕಲಾಗಿ ಎಲ್ಲ ಅಳಿಸಿಹೋಗುತ್ತದೆಂದು ಗಡ್ಡದವನು ಸಿಳ್ಳೆ ನಿಲ್ಲಿಸಿ ಎಚ್ಚರಿಸಿದ್ದ. ಕೌಕೊ ಓದಿದ. ರೌನೊ ಓದಿದ. ಹಿಲ್ಕಾ ಕನ್ನಡಕ ತರಿಸಿಕೊಂಡು ಗಟ್ಟಿಯಾಗಿ ಓದಿದಳು. ಮೂವರ ಒಪ್ಪಿಗೆಯಾದ ಮೇಲೆ ಒತ್ತಿದರು. ಹಸಿರು ಪಟ್ಟಿ ಹಬ್ಬದ ಮುನ್ನಾದಿನ ಬಸ್ಸು ಹತ್ತುವ ಮುದುಕಿಯರ ಸಾಲಿನಂತೆ ಒಂದೊಂದೇ ಹೆಜ್ಜೆ ಮುಂದೆ ಸರಿಯಿತು. ಈಗ ಎಲ್ಲರೂ ಪೈಗಳಿಗೆ ಕೈಹಾಕಿದರು.

ಪಟ್ಟಿ ತುಂಬಿತು. ಹಳೆಯ ಡಿಸ್ಕನ್ನು ತೆಗೆದು, ತಗಡು ಮುಚ್ಚಿ, ಕಂಪ್ಯೂಟರನ್ನು ಮೇಜಿನ ಕೆಳಗೆ ಅದರ ಜಾಗದಲ್ಲಿಟ್ಟು ಗುಂಡಿ ಒತ್ತಿದರು. ಹಿಲ್ಕಾ ಕಾಫಿಗೆ ಸಕ್ಕರೆ ಹಾಕಿ ಚಮಚ ತಿರುಗಿಸಲು ಶುರುಮಾಡಿದ್ದಳಷ್ಟೆ. ಚಮಚ ಎರಡನೇ ಸುತ್ತು ಮುಗಿಸುವ ಮೊದಲೇ ಪರದೆ ಬೆಳಗಿತ್ತು. ಏದುಸಿರಿಲ್ಲ, ನರಳಾಟವಿಲ್ಲ. ಹೆಬ್ಬೆರಳಿನ ಮಾತಿರಲಿ, ಒಂದು ಗಂಟು ಹಾಕಲೂ ಸಮಯವಿರಲಿಲ್ಲ.

"ಹ್ಞೂಂ," ಅಂದಳು ಹಿಲ್ಕಾ. "ಪರವಾಗಿಲ್ಲ."

ಅವಳನ್ನು ಬಲ್ಲವರಿಗೆ ಅದು ತೋಪು ಹಾರಿಸಿದ ಹಾಗೆ.

ಒರ್ವೊಕ್ಕಿ ಸಂಜೆ ಬಂದಾಗ ಅಡುಗೆಮನೆಯಲ್ಲಿ ಮೂವರೂ ಕಾಫಿ ಕುಡಿಯುತ್ತ ಕೂತಿದ್ದರು. ಅವಳು ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು. ಹೆಗಲ ಚೀಲ ಬೆಳಿಗ್ಗೆಗಿಂತ ಭಾರವಾಗಿ ಜೋತಿತ್ತು. ಹಿಲ್ಕಾಳತ್ತ ನೋಡಿದಳು.

"ಹೇಳ್ಬಿಟ್ಯಾ?"

"ನಾನಾ? ನೀನು ಹೇಳ್ಬೇಡ ಅಂದಿದ್ಯಲ್ಲ. ಒಂದಕ್ಷರ ಹೇಳಿಲ್ಲ."

ಏನು ಹೇಳುವುದು, ಯಾರಿಗೆ ಹೇಳುವುದು ಎಂದು ಕೌಕೊನಿಗೆ ತಿಳಿಯಲಿಲ್ಲ. ಇರಲಿ, ತನ್ನದು ಮೊದಲು ಎಂದುಕೊಂಡು ಅವಳನ್ನು ಕೈಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿ, ಮಂತ್ರವಾದಿಯಂತೆ ಗುಂಡಿ ಒತ್ತಿದ. ಪರದೆ ಬೆಳಗಿತು. ಒರ್ವೊಕ್ಕಿ ಅಭ್ಯಾಸಬಲದಿಂದ ಕಡ್ಡಿಗಳಿಗೆಂದು ಚೀಲದೊಳಗೆ ಹಾಕಿದ್ದ ಕೈ ಅಲ್ಲೇ ಉಳಿಯಿತು. ಅವಳು ಪರದೆ ನೋಡಿದಳು, ಗಂಡನನ್ನು ನೋಡಿದಳು, ಆಮೇಲೆ ಬಹಳ ಹೊತ್ತು ಹಿಲ್ಕಾಳನ್ನು ನೋಡಿದಳು.

"ನಿನ್ನ ಅದೃಷ್ಟ ಹಿಲ್ಕಾ," ಅಂದಳು.

ಹಿಲ್ಕಾಳ ಅದೃಷ್ಟ ಹೇಗೆ ಎಂದು ಕೌಕೊ ಕೇಳಿದ.

ಒರ್ವೊಕ್ಕಿ ಚೀಲದಿಂದ 'ಸಾವಕಾಶ' ಎಂಬ ಪದಕ್ಕೆ ರೂಪ ಬಂದಂತಿದ್ದ ದಪ್ಪನೆಯ ಲ್ಯಾಪ್‌ಟಾಪೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಅಕ್ಕನ ಗಂಡ ಬಳಸಿ ಬಿಟ್ಟದ್ದು. ಕೈಗವಸಿನ ವಿನ್ಯಾಸಗಳನ್ನೆಲ್ಲ ಗುರುವಾರವೇ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದಳಂತೆ. ಇವತ್ತು ಅದನ್ನು ಕೈಗವಸಿನ ಹೆಬ್ಬೆರಳಿನೊಳಗಿಟ್ಟು ಒಯ್ದು, ಇದಕ್ಕೆ ಇಳಿಸಿ, ಅಲ್ಲಿಂದಲೇ ಮ್ಯೂಸಿಯಮ್ಮಿಗೂ ಕಳಿಸಿ ಬಂದಿದ್ದಳು. ಹಳೆಯ ಡಬ್ಬವನ್ನು ಹಿಲ್ಕಾಳಿಗೆ ಕೊಡುವುದೆಂದು ಬೆಳಿಗ್ಗೆ ಅಂಗಳದಲ್ಲಿ ಮಾತಾಗಿತ್ತು. ಕೌಕೊನಿಗೆ ಈಗಲೇ ಹೇಳಬೇಡ, ಕೊಡುವ ಮೊದಲು ಒಂದು ಸಲ ರಿಪೇರಿ ಮಾಡಿಬಿಡುತ್ತಾನೆ ಎಂದಿದ್ದಳು.

"ಮತ್ತೆ ಮುಟ್ಬೇಡ ಅಂದಿದ್ದು?"

"ಹಿಲ್ಕಾಗೆ ಕೊಡೋ ತನಕನಾದ್ರೂ ಓಡ್ತಿರ್ಲಿ ಅಂತ."

ಕೌಕೊ ಮೆಲ್ಲಗೆ ಹಿಲ್ಕಾಳತ್ತ ತಿರುಗಿದ. ಕೊಳವೆ, ಸೋಪಿನ ನೀರು, ತಲೆಗೂದಲು ಒಣಗಿಸುವ ಯಂತ್ರ, ನಷ್ಟ ತನಗೇ ಎಂದ ಮಾತು, ಎಲ್ಲವೂ ಒಂದೊಂದಾಗಿ ಅವನ ಕಣ್ಣ ಮುಂದೆ ಬಂದು ತಮ್ಮ ತಮ್ಮ ಸೀಟಿನಲ್ಲಿ ಕೂತವು.

"ನೀನೇ ಅಂಗಳಕ್ಕೆ ತಂದಿಟ್ಟು ಹೋದೆಯಲ್ಲ," ಅಂದಳು ಹಿಲ್ಕಾ, ತುಸುವೂ ಅಳುಕದೆ. "ನಂಗೇ ತಂದಿಟ್ಟೆ ಅಂದ್ಕೊಂಡೆ. ತೊಳೀದೆ ಯಾರಾದ್ರೂ ಮನೆಗೆ ತಗೊಂಡು ಹೋಗ್ತಾರಾ?"

ರೌನೊ ಕೆಮ್ಮಿದಂತೆ ಮಾಡಿ ಕೊನೆಯ ಪೈ ಬಾಯಿಗಿಟ್ಟುಕೊಂಡ.

ಕೌಕೊನಿಗೆ ಸಿಟ್ಟು ಬರಬೇಕಿತ್ತು. ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೂ ನೋಡಿದ. ಆದರೆ ಸಿಟ್ಟಿನ ಜಾಗದಲ್ಲಿ ಬೇರೇನೋ ಇತ್ತು. ಅಜ್ಜಿಯರು ಬೆಳಿಗ್ಗೆಯಿಂದಲೂ ಹೆಬ್ಬೆರಳಿನೊಳಗೆ ಬೆಚ್ಚಗಿದ್ದರು. ಡಬ್ಬ ಹಬೆಯಲ್ಲಿ ಬೇಯುತ್ತಿದ್ದಾಗಲೂ ಅವರಿಗೆ ಏನೂ ಆಗಿರಲಿಲ್ಲ. ತಾನು ಏನು ಮಾಡಿದ್ದರೂ ಏನೂ ಆಗುತ್ತಿರಲಿಲ್ಲ. ಅಷ್ಟು ನೆಮ್ಮದಿಯ ಸುದ್ದಿಯನ್ನು ಅವನು ಬಹಳ ದಿನಗಳಿಂದ ಕೇಳಿರಲಿಲ್ಲ.

ಅವನೇ ಡಬ್ಬವನ್ನೂ ಆಮೇಲೆ ಪರದೆಯನ್ನೂ ಎದೆಗವಚಿ ಎದುರು ಮನೆಗೆ ಒಯ್ದು, ಹಿಲ್ಕಾ ತೋರಿಸಿದ ಮೂಲೆಯಲ್ಲಿಟ್ಟು, ತಂತಿ ಸಿಕ್ಕಿಸಿ ಕೊಟ್ಟ. ಗುಂಡಿ ಒತ್ತಿದ ಕೂಡಲೇ ಪೈನ್ ಸೋಪು ಘಮಘಮಿಸಿ ಪರದೆ ಬೆಳಗಿತು. ಇಷ್ಟು ಬೇಗ ಶುರುವಾದರೆ ಕಾಫಿಗೆ ನೀರಿಡುವುದು ಯಾವಾಗ ಎಂದು ಹಿಲ್ಕಾ ಗೊಣಗಿದಳು. ಮುಂದಿನ ಶನಿವಾರದಿಂದ ಬಂದು ಇದನ್ನು ನಡೆಸುವುದು ಹೇಗೆಂದು ಕಲಿಸಿಕೊಡಬೇಕು, ಸೌನಾದ ಪಾಳಿ ಮುಗಿಸಿಕೊಂಡೇ ಬಾ, ಅವಸರವಿಲ್ಲ ಎಂದಳು.

ಮನೆಗೆ ಮರಳಿದಾಗ ಒರ್ವೊಕ್ಕಿ ಲ್ಯಾಪ್‌ಟಾಪು ತೆರೆದು ಕೂತಿದ್ದಳು. ಪರದೆಯ ಮೇಲೆ ಒಂದು ಚಕ್ರ, ಬೆಳಗಿನ ಮೊದಲ ಬಸ್ಸಿಗೆ ಕಾಯುವವನು ನಿಲ್ದಾಣದಲ್ಲಿ ಸುಳಿದಾಡುವಂತೆ ತಿರುಗುತ್ತಿತ್ತು. ಕೌಕೊ ಎದುರಿಗೆ ಕೂತ. ಚಕ್ರ ತಿರುಗಿತು. ಅವನ ಬಲಗಾಲು ಮೇಜಿನ ಕೆಳಗೆ ಮೆಲ್ಲಗೆ ನೆಲ ಒತ್ತಿತು.

"ಸ್ವಲ್ಪ ನಿಧಾನ," ಅಂದಳು ಒರ್ವೊಕ್ಕಿ, ಬಹಳ ತೃಪ್ತಿಯಿಂದ. ಕಡ್ಡಿಗಳನ್ನು ಕೈಗೆತ್ತಿಕೊಂಡಳು. "ಹಳೇದಕ್ಕಿಂತಲೂ."

"ಅಂಗಡಿಯವನು ಹೇಳ್ತಿದ್ದ, ಇಂಥಾದ್ದಕ್ಕೂ ಒಂದು..."

"ಕೌಕೊ."

"ಹ್ಞಾಂ."

"ಮುಟ್ಬೇಡ."

ಅವನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ನಾಳೆ ಅವಳ ಹೆಸರಿನ ದಿನ. ಮುಂಜಾನೆಯೇ ಹೋಗಿ ಹೂವು ತರಬೇಕು. ಚಕ್ರ ತಿರುಗುತ್ತಲೇ ಇತ್ತು. ಹೆಬ್ಬೆರಳು ಅರ್ಧಕ್ಕೆ ಬಂದಿತ್ತು.